ಬೂದಿ ಮುಚ್ಚಿದ ಕೆಂಡ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹಳ್ಳಿಗಳಿಂದ ಬಂದ ನಮ್ಮಂಥ ಕಲಾ ವಿದ್ಯಾರ್ಥಿಗಳಿಗೆ ಖಗೋಳಶಾಸ್ತ್ರದ ಗೊಡವೆ ಏಕೆಂದು ಗೆಳೆಯರು ಕೇಳುವುದುಂಟು. ಈ ಮಾತನ್ನು ನಾನು ಒಪ್ಪಲಾರೆ.

ಸುಮಾರು ೨೫ ಕೋಟಿ ಜ್ಯೋತಿರ್ವರ್ಷ ದೂರದ ಆರ್ಪ್ ೨೨೦ ಎಂಬ ಗ್ಯಾಲಕ್ಸಿಯಿಂದ ಬರುವ ಪ್ರಬಲ ಮೇಸರು ೧೯೮೨ರಲ್ಲಿ ಅರೆಸಿಬೊ ರೇಡಿಯೋ ದೂರದರ್ಶಕದಿಂದ ಪತ್ತೆಯಾಯಿತು. ಮೇಸರೆಂದರೆ, ತಮ್ಮ ನಡುವೆ ಹಾಯ್ದ ರೇಡಿಯೋ ಅಲೆಯನ್ನು ಅಣುಗಳೇ ಹಿಗ್ಗಿಸಿ ಕಳಿಸುವ ನಿಸರ್ಗದ ವ್ಯವಸ್ಥೆ. ಇಲ್ಲಿನ ಅಣು ಹೈಡ್ರಾಕ್ಸಿಲ್. ಅಲೆಯ ಉದ್ದ ೧೮ ಸೆಂಟಿಮೀಟರು. ನಮ್ಮ ಆಕಾಶಗಂಗೆಯ ಇಂಥ ಮೇಸರುಗಳಿಗಿಂತ ಇದು ಲಕ್ಷಾಂತರ ಪಾಲು ಪ್ರಬಲ. ಇಷ್ಟು ಶಕ್ತಿ ಎಲ್ಲಿಯದು?

೧೯೮೩ರಲ್ಲಿ ಐರಾಸ್ ಉಪಗ್ರಹವು ಅವಕೆಂಪು ಕಿರಣಗಳಲ್ಲಿ ಆಕಾಶವನ್ನು ಶೋಧಿಸಿದಾಗ ಉತ್ತರದ ಜಾಡು ದೊರೆಯಿತು. ಆರ್ಪ್ ೨೨೦ರಲ್ಲಿ ಎರಡು ಗ್ಯಾಲಕ್ಸಿಗಳು ಒಂದಕ್ಕೊಂದು ಬೆರೆಯುತ್ತಿವೆ. ಅಲ್ಲಿ ಹುಟ್ಟುವ ತಾರೆಗಳ ಬೆಳಕನ್ನು ಧೂಳು ನುಂಗಿ, ಕಾದು, ಅವಕೆಂಪಾಗಿ ಹೊರಸೂಸುತ್ತದೆ. ಆ ಕಾವೇ ಅಣುಗಳಿಗೆ ಶಕ್ತಿ ತುಂಬುತ್ತದೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗ. ಓದುಬರಹ ಬಾರದ ನಮ್ಮವ್ವನಿಗೆ ಇದನ್ನು ಕನ್ನಡದಲ್ಲಿ ಹೇಳಿದೆ. “ಹಂಗಾದ್ರ ಅದು ಬೂದಿ ಮುಚ್ಚಿದ ಕೆಂಡ” ಎಂದಳು. ನಸುಕಿನಲ್ಲಿ ಒಲೆಯ ಬೂದಿಯ ಮೇಲೆ ಅಂಗೈ ಹಿಡಿದು ಕೆಂಡವನ್ನು ಗುರುತಿಸುವವಳು ಅವಳು. ವಿಜ್ಞಾನಿಗಳು ಮಾಡಿದ್ದೂ ಅದನ್ನೇ ಅಲ್ಲವೇ?

ಲಡಾಖಿನ ಹಾನ್ಲೆಯಲ್ಲಿ, ೪,೫೦೦ ಮೀಟರ್ ಎತ್ತರದಲ್ಲಿ, ಅವಕೆಂಪನ್ನೂ ಕಾಣಬಲ್ಲ ದೂರದರ್ಶಕವೊಂದಿದೆ. ಅದನ್ನು ನಡೆಸುವುದು ನಮ್ಮ ನಾಡಿನ ಹೊಸಕೋಟೆಯಿಂದ. ಅಂಥ ಕೆಲಸದ ಸುದ್ದಿ ಇಂಗ್ಲಿಷಿನಲ್ಲೇ ಉಳಿದರೆ ನಮ್ಮ ಹಳ್ಳಿಗಳಿಗೆ ಬರುವುದೆಂತು? ವಿಜ್ಞಾನ ಓದಿದವರು ಕನ್ನಡದಲ್ಲಿ ಬರೆಯಲಿ. ಕಲೆ ಓದಿದ ನಾವು ಅದನ್ನು ಮನೆಮನೆಗೆ ಮುಟ್ಟಿಸೋಣ.