ಪದಕದಾಚೆಯ ಸಾಧನೆ

ಮಂಜುಗಡ್ಡೆಯ ಮೇಲೆ ಜಾರುತ್ತ ನರ್ತಿಸುವ ಸ್ಕೇಟಿಂಗ್ ಸ್ಪರ್ಧೆಯನ್ನು ನಮ್ಮ ವಾಚಕರಲ್ಲಿ ಕಣ್ಣಾರೆ ಕಂಡವರು ವಿರಳ. ಆದರೂ ಅದರಲ್ಲಿ ವಿಶ್ವಖ್ಯಾತಿ ಪಡೆದ ಅಮೆರಿಕದ ಟೆನ್ಲಿ ಆಲ್‌ಬ್ರೈಟ್ ಅವರ ಚರಿತ್ರೆ ದುಡಿಯುತ್ತ ಓದುವವರಿಗೆಲ್ಲ ಮನನೀಯವೆಂದು ನಾವು ಭಾವಿಸುತ್ತೇವೆ.

11ರ ಪ್ರಾಯದಲ್ಲಿ ಪೋಲಿಯೋ ಬಾಧೆಗೊಳಗಾಗಿ ಚೇತರಿಸಿಕೊಂಡ ಆಕೆ 1953 ಮತ್ತು 1955ರಲ್ಲಿ ವಿಶ್ವವಿಜೇತೆಯಾದರು. 1956ರ ಒಲಿಂಪಿಕ್ಸ್‌ಗೆ ಎರಡು ವಾರವೂ ಉಳಿದಿಲ್ಲದಾಗ ಸ್ವಂತ ಸ್ಕೇಟಿನ ಅಲಗೇ ಬಲಗಾಲನ್ನು ಎಲುಬಿನವರೆಗೆ ಸೀಳಿತು. ಆದಾಗ್ಯೂ ಇಟಲಿಯ ಕೊರ್ಟಿನಾದಲ್ಲಿ ಚಿನ್ನದ ಪದಕ ಆಕೆಯದಾಯಿತು. ಆ ಕೀರ್ತಿಗೆ ಮರುಳಾಗದೆ 1957ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯನ್ನು ಸೇರಿ, 1961ರಲ್ಲಿ ಪದವಿ ಪಡೆದು, ಶಸ್ತ್ರವೈದ್ಯೆಯಾದರು.

ಆಕೆಯ ತಂದೆಯೂ ಶಸ್ತ್ರವೈದ್ಯರಾಗಿದ್ದರೆಂಬುದನ್ನು ಮರೆಯಲಾಗದು. ಅಂಥ ಆಸರೆಯಿಲ್ಲದೆ, ಹೊಟೇಲಿನ ಕೆಲಸ ಮುಗಿಸಿ ರಾತ್ರಿಶಾಲೆಗೆ ಧಾವಿಸುವ ನಮ್ಮ ತರುಣರ ಛಲವೂ ಕಡಿಮೆಯದಲ್ಲ. ಅವರಿಗೆ ಓದಿನ ಒಂದು ಗಂಟೆಯನ್ನು ಬಿಟ್ಟುಕೊಡುವುದು ಧಣಿಗಳ ಕರ್ತವ್ಯ.