‘ಸುಳ್ಳ ಅಂತ ನೀವ ತೋರಿಸ್ರಿ’: ಹೊಸ ಪಂಥಗಳ ವಾದದಲ್ಲಿ ರುಜುವಾತಿನ ಹೊಣೆ ಯಾರದು?

ಕಲಘಟಗಿ ತಾಲೂಕಿನ ದುಮ್ಮವಾಡದ ಹತ್ತಿರ ನೀರಸಾಗರ ಕೆರೆ ಇದೆ. ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ಕೆರೆ ಇದು. ‘ಈ ಸಲ ಕೆರಿ ತುಂಬೇತಿ’ ಎಂದು ಯಾರಾದರೂ ಹೇಳಿದರೆ ವಾದ ಬೆಳೆಯುವುದಿಲ್ಲ; ಸಂಶಯ ಇದ್ದವರು ಹೋಗಿ ನೋಡಿ ಬರುತ್ತಾರೆ. ಅದೇ ಕಟ್ಟೆಯ ಮೇಲೆ ಕೂತ ಇನ್ನೊಬ್ಬರು ‘ಹೊಸ ಗುರುಗಳ ಸತ್ಸಂಗಕ್ಕ ಹೋದ್ರ ಸಕ್ಕರಿ ಬ್ಯಾನಿ ಹೋಗತೈತಿ’ ಎಂದರು ಎಂದುಕೊಳ್ಳಿ. ‘ಹೆಂಗ ಹೇಳ್ತೀರಿ?’ ಎಂದು ಕೇಳಿದರೆ ಬರುವ ಉತ್ತರ ನಿಮಗೂ ಗೊತ್ತಿರುವಂಥದ್ದೇ: ‘ಸುಳ್ಳ ಅಂತ ನೀವ ತೋರಿಸ್ರಿ ನೋಡೂಣು.’

ಈ ಸವಾಲಿನಲ್ಲಿ ಒಂದು ಅದಲುಬದಲು ನಡೆದಿದೆ. ಹೇಳಿಕೆ ಒಬ್ಬರದು, ಅದನ್ನು ಸಾಬೀತು ಮಾಡುವ ಹೊಣೆ ಇನ್ನೊಬ್ಬರ ತಲೆಗೆ. ನಮ್ಮ ಕೋರ್ಟುಗಳು ಇದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಂದು ಸಂಗತಿ ಇದೆ ಎಂದು ಹೇಳಿ ಅದರ ಆಧಾರದ ಮೇಲೆ ತೀರ್ಪು ಕೇಳುವವರೇ ಅದನ್ನು ರುಜುವಾತು ಮಾಡಬೇಕು ಎಂಬುದು 1872ರ ಸಾಕ್ಷ್ಯ ಕಾಯ್ದೆಯ 101ನೇ ಕಲಮಿನಲ್ಲಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 104ನೇ ಕಲಮು. ಕಾರಣ ಸರಳ. ‘ಇಲ್ಲ’ ಎಂಬುದನ್ನು ತೋರಿಸಲು ಎಲ್ಲ ಕಡೆ ಹುಡುಕಬೇಕು, ‘ಇದೆ’ ಎಂಬುದಕ್ಕೆ ಒಂದು ಕಡೆ ತೋರಿಸಿದರೆ ಸಾಕು.

ಬೆಂಗಳೂರಿನ ಮೂರು ಪತ್ರಗಳು

ಕರ್ನಾಟಕದಲ್ಲಿ ಈ ಪ್ರಶ್ನೆ ದೊಡ್ಡದಾಗಿ ಎದ್ದದ್ದು 1976ರಲ್ಲಿ. ಆಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿ ರಚಿಸಿದರು. ಶೂನ್ಯದಿಂದ ವಿಭೂತಿ, ಉಂಗುರ ಸೃಷ್ಟಿಸುತ್ತಾರೆ ಎಂದು ಭಕ್ತರು ನಂಬಿದ್ದ ಸತ್ಯ ಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದು, ಸಮಿತಿಯ ಎದುರು, ಸಮಿತಿ ಒಪ್ಪುವ ರೀತಿಯಲ್ಲಿ ಅದನ್ನು ಮಾಡಿ ತೋರಿಸಲು ಕೇಳಿದರು. ಪರೀಕ್ಷೆ ನಡೆಯಲಿಲ್ಲ. ಆಧ್ಯಾತ್ಮ ಇಂದ್ರಿಯಗಳಿಗೆ ಮೀರಿದ್ದು, ವಿಜ್ಞಾನದ ಅಳತೆಗೆ ಸಿಗುವುದಿಲ್ಲ ಎಂಬುದು ಆ ಕಡೆಯ ನಿಲುವಾಗಿತ್ತು. ಮರುವರ್ಷ ಸಮಿತಿ ಮುಗಿಯಿತು.

ಇದರಿಂದ ಏನು ಸಾಬೀತಾಯಿತು? ಪರೀಕ್ಷೆಗೆ ಬರದಿದ್ದರೆ ಮೋಸ ಸಿದ್ಧವಾಯಿತು ಎಂದರ್ಥವಲ್ಲ. ಕೆಲವು ವಿಚಾರವಾದಿಗಳು ಇಲ್ಲಿ ಒಂದು ಹೆಜ್ಜೆ ಹೆಚ್ಚೇ ಜಿಗಿಯುತ್ತಾರೆ. ಆದರೆ ಪವಾಡವೂ ಸಿದ್ಧವಾಗಲಿಲ್ಲ. ಹೇಳಿಕೆ ಎಲ್ಲಿತ್ತೋ ಅಲ್ಲೇ ಉಳಿಯಿತು. ‘ಇಂದ್ರಿಯಗಳಿಗೆ ಮೀರಿದ್ದು’ ಎಂಬ ಮಾತು ಧ್ಯಾನದ ಅನುಭವಕ್ಕೆ ಸರಿ ಇರಬಹುದು. ಅಂಗೈಯಲ್ಲಿ ಕಾಣುವ ಉಂಗುರಕ್ಕೆ ಅದು ಹೇಗೆ ಹೊಂದುತ್ತದೆ ಎಂಬುದು ನಮಗಂತೂ ತಿಳಿಯದು.

ವಾಸಿಯಾಯಿತು ಎಂಬ ಸಾಕ್ಷಿ

ಹಳ್ಳಿಗಳಲ್ಲಿ ಉಂಗುರಕ್ಕಿಂತ ಹೆಚ್ಚು ಕೇಳಿಬರುವುದು ಕಾಯಿಲೆ ವಾಸಿಯಾದ ಮಾತು. ಹೇಳುವವರು ಸುಳ್ಳುಗಾರರಾಗಬೇಕಿಲ್ಲ. ಬೆನ್ನುನೋವು, ಅಲರ್ಜಿ, ಮೈಗ್ರೇನ್ ಇವು ಏರುತ್ತವೆ, ಇಳಿಯುತ್ತವೆ. ಜನ ಗುರುಗಳ ಬಳಿ ಹೋಗುವುದು ನೋವು ಏರಿದಾಗ. ಮುಂದಿನ ವಾರ ಅದು ತಾನಾಗಿ ಇಳಿದರೂ ಹೆಸರು ಗುರುಗಳಿಗೆ. ಮಾತ್ರೆಯನ್ನೂ ತಗೊಂಡು ಪ್ರಾರ್ಥನೆಗೂ ಹೋದವರು ಮಾತ್ರೆಯನ್ನು ಮರೆಯುತ್ತಾರೆ. ವಾಸಿಯಾಗದವರು ವೇದಿಕೆಗೆ ಬರುವುದೇ ಇಲ್ಲ.

ಇದನ್ನು ಬೇರ್ಪಡಿಸಲು ಹೋಲಿಕೆ ಬೇಕು. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾದ 1802 ರೋಗಿಗಳನ್ನು ಮೂರು ಗುಂಪು ಮಾಡಿ ಇಂಥ ಹೋಲಿಕೆ ನಡೆಸಿದ್ದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಪ್ರಾರ್ಥನೆ ಇದೆಯೋ ಇಲ್ಲವೋ ಗೊತ್ತಿರದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಪಡೆದವರಲ್ಲಿ 52%, ಪಡೆಯದವರಲ್ಲಿ 51% ಜನರಿಗೆ ತೊಡಕುಗಳು ಕಾಣಿಸಿದವು. ‘ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ’ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ 59%. ಪ್ರಾರ್ಥನೆ ಮನಸ್ಸಿಗೆ ಸಮಾಧಾನ ಕೊಡುವುದಿಲ್ಲ ಎಂದು ಇದು ಹೇಳುವುದಿಲ್ಲ. ಔಷಧಿಯ ಜಾಗದಲ್ಲಿ ಅದನ್ನು ಇಡಲು ಆಧಾರ ಸಿಗಲಿಲ್ಲ, ಅಷ್ಟೇ.

ಆರೋಪ ಮಾಡುವವರ ಸರದಿ

ಇಲ್ಲಿಯವರೆಗೆ ಓದಿ ತಲೆಯಾಡಿಸಿದವರು ಇನ್ನು ಮುಂದೆ ಸ್ವಲ್ಪ ಇರುಸುಮುರುಸು ಪಡಬಹುದು. ‘ಆ ಪಂಥದವರು ತಲೆ ಕೆಡಿಸ್ತಾರೆ, ಹುಡುಗರನ್ನು ಎಳಕೊಂಡು ಹೋಗ್ತಾರೆ’ ಎಂಬುದೂ ಒಂದು ಹೇಳಿಕೆಯೇ. ಅದರ ಹೊಣೆ ಹೇಳಿದವರದು. ಪಂಥ ಹೊಸದು, ವಿಚಿತ್ರವಾಗಿದೆ ಎಂಬುದು ಪುರಾವೆಯಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಶರಣರೂ ಹೊಸಬರೇ.

ಬ್ರಿಟನ್ನಿನ ಸಮಾಜವಿಜ್ಞಾನಿ ಐಲೀನ್ ಬಾರ್ಕರ್ ‘ಮಿದುಳು ತೊಳೆಯುವ’ ಆರೋಪವನ್ನು ಲೆಕ್ಕ ಹಾಕಿ ನೋಡಿದರು. ಕೊರಿಯಾ ಮೂಲದ ಯೂನಿಫಿಕೇಶನ್ ಚರ್ಚಿನ ಶಿಬಿರಗಳಿಗೆ 1979ರಲ್ಲಿ ಲಂಡನ್ನಿನಲ್ಲಿ ಹೋದ ಸಾವಿರ ಚಿಲ್ಲರೆ ಜನರಲ್ಲಿ ಸುಮಾರು 90% ಮಂದಿ ಸೇರಲೇ ಇಲ್ಲ; ಸೇರಿದವರಲ್ಲೂ ಬಹಳಷ್ಟು ಜನ ಕೆಲವೇ ವರ್ಷಗಳಲ್ಲಿ ಬಿಟ್ಟರು. ಯಾರ ಮನಸ್ಸನ್ನಾದರೂ ವಶ ಮಾಡಿಕೊಳ್ಳುವ ಯಂತ್ರ ಇದ್ದಿದ್ದರೆ ಇಷ್ಟು ಸೋರುತ್ತಿರಲಿಲ್ಲ.

ಹಾಗಂತ ಎಲ್ಲ ಭಯವೂ ಪೊಳ್ಳಲ್ಲ. ಜಪಾನಿನ ಓಂ ಶಿನ್ರಿಕ್ಯೋ ಪಂಥದವರು 1989ರಲ್ಲಿ ತಮ್ಮ ವಿರುದ್ಧ ನಿಂತಿದ್ದ ವಕೀಲರನ್ನೂ ಅವರ ಹೆಂಡತಿ, ಮಗುವನ್ನೂ ಕೊಂದರು. ಆ ಮನೆಯಲ್ಲಿ ಪಂಥದ ಬ್ಯಾಜ್ ಸಿಕ್ಕಿದ್ದರೂ ತನಿಖೆ ಮುಂದೆ ಸಾಗಲಿಲ್ಲ. 1994ರ ಜೂನ್‌ನಲ್ಲಿ ಮತ್ಸುಮೋಟೋ ಊರಿನಲ್ಲಿ ಸಾರಿನ್ ವಿಷಾನಿಲ ಹರಡಿದಾಗ ಸಂಶಯ ಬಿದ್ದದ್ದು ಅದೇ ಬಡಾವಣೆಯ ಒಬ್ಬ ಅಮಾಯಕರ ಮೇಲೆ. ಅವರ ಹೆಂಡತಿಯೇ ಆ ಅನಿಲದಿಂದ ಪ್ರಜ್ಞೆ ಕಳೆದುಕೊಂಡಿದ್ದರು. ಪಂಥದ ಕೈವಾಡ ಬಯಲಾಗಲು 1995ರ ಮಾರ್ಚ್ 20ರ ಟೋಕಿಯೋ ಸುರಂಗ ರೈಲಿನ ದಾಳಿ ಆಗಬೇಕಾಯಿತು. ಪುರಾವೆ ಇದ್ದ ಕಡೆ ನೋಡಲಿಲ್ಲ, ಇಲ್ಲದ ಕಡೆ ಅಪರಾಧಿಯನ್ನು ಕಂಡರು.

ಕಾನೂನು ಹೊಣೆ ತಿರುಗಿಸಿದಾಗ

ಕೆಲವೊಮ್ಮೆ ಕಾನೂನೇ ಹೊಣೆಯನ್ನು ಆರೋಪಿಯ ಕಡೆ ತಿರುಗಿಸುತ್ತದೆ. ವರದಕ್ಷಿಣೆ ಸಾವಿನಲ್ಲಿ ಹಾಗಿದೆ, ಏಕೆಂದರೆ ನಾಲ್ಕು ಗೋಡೆಯೊಳಗೆ ನಡೆದದ್ದು ಮನೆಯವರಿಗೆ ಮಾತ್ರ ಗೊತ್ತು. ಅಲ್ಲಿಯೂ ಸಾವಿಗೆ ಮುಂಚೆ ಕಿರುಕುಳ ಇತ್ತು ಎಂಬುದನ್ನು ಮೊದಲು ತೋರಿಸಬೇಕು. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯ 12ನೇ ಕಲಮು ಇನ್ನೂ ಮುಂದೆ ಹೋಯಿತು. ಮತಾಂತರ ಬಲವಂತ, ಆಮಿಷ, ವಂಚನೆಯಿಂದ ಆಗಲಿಲ್ಲ ಎಂಬುದನ್ನು ಮತಾಂತರ ಮಾಡಿಸಿದವರು, ನೆರವಾದವರು ತೋರಿಸಬೇಕು. ದೂರನ್ನು ಸಂಬಂಧಿಕರು, ಸಹೋದ್ಯೋಗಿಗಳೂ ಕೊಡಬಹುದು. ಬಲವಂತದ ಮತಾಂತರ ತಪ್ಪು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಇನ್ನೊಬ್ಬರ ಮನಸ್ಸಿನ ಮೇಲೆ ಒತ್ತಡ ‘ಇರಲಿಲ್ಲ’ ಎಂದು ಸಾಬೀತು ಮಾಡುವುದು ಹೇಗೆ? ಕಟ್ಟೆಯ ಮೇಲಿನ ‘ಸುಳ್ಳ ಅಂತ ತೋರಿಸ್ರಿ’ಗೂ ಇದಕ್ಕೂ ಹೆಚ್ಚು ದೂರವಿಲ್ಲ. ಈ ಕಾಯ್ದೆಯನ್ನು ಹಿಂಪಡೆಯಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು.

ಮನೆಯಲ್ಲಿ ಯಾರಾದರೂ ಹೊಸ ಸತ್ಸಂಗಕ್ಕೋ ಪ್ರಾರ್ಥನಾ ಸಭೆಗೋ ಹೋಗತೊಡಗಿದರೆ ದೇವರ ಬಗ್ಗೆ ಜಗಳ ಬೇಡ, ಅದು ಮುಗಿಯುವುದಿಲ್ಲ. ಮಾತ್ರೆ ನಿಲ್ಲಿಸಿದ್ದಾರೆಯೇ ಎಂದು ಕೇಳಿ. ಕ್ಷಯ ಇದ್ದವರು ‘ಆರಾಮ ಆತು’ ಎಂದು ನಡುವೆ ಔಷಧಿ ಬಿಟ್ಟರೆ ಕ್ರಿಮಿ ಮದ್ದಿಗೆ ಬಗ್ಗದಂತಾಗಬಹುದು, ಮನೆಯವರಿಗೂ ಹರಡಬಹುದು. ವಾಸಿಯಾಗಿದೆ ಎನ್ನುವವರು ಕಫ ಪರೀಕ್ಷೆ ಮಾಡಿಸಲಿ; ಸರಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ವರದಿ ಬಂದು, ವೈದ್ಯರು ಸಾಕು ಎನ್ನುವವರೆಗೆ ಮಾತ್ರೆಯೂ ನಡೆಯಲಿ, ಭಜನೆಯೂ ನಡೆಯಲಿ.