ಆನೆಯ ದಾರಿಯಲ್ಲಿ ಓಟದ ಪಂದ್ಯ

ಬೆಂಗಳೂರಿನ ಓಟಗಾರರಿಗೆ ಕಬ್ಬನ್ ಉದ್ಯಾನ ಈಗ ಸಾಲದಾಗಿದೆ. ಡಾಂಬರು ರಸ್ತೆ ಮೊಣಕಾಲಿಗೆ ಕೇಡು, ಮೋಟಾರಿನ ಹೊಗೆ ಎದೆಗೆ ಕೇಡು. ಆದುದರಿಂದ ಬೆಟ್ಟ ಬೇಕು, ಕಾಡು ಬೇಕು, ಕಲ್ಲುಮಣ್ಣಿನ ಕಾಲುದಾರಿ ಬೇಕು. ಇದಕ್ಕೆ ‘ಟ್ರೇಲ್ ರನ್ನಿಂಗ್’ ಎಂದು ಹೆಸರು. ಹೆಸರೇನೇ ಇರಲಿ, ಆಸೆ ಕೆಟ್ಟದ್ದಲ್ಲ. ಆರು ದಿನ ಕುರ್ಚಿಯಲ್ಲಿ ಕುಳಿತು ಏಳನೆಯ ದಿನ ಬೆವರು ಸುರಿಸಬೇಕೆನ್ನುವವನನ್ನು ಗೇಲಿ ಮಾಡುವುದು ಸುಲಭ. ನಾನು ಅದಕ್ಕೆ ಹೊರಟಿಲ್ಲ. ನನ್ನ ತಕರಾರು ಓಟದ ಮೇಲಲ್ಲ, ಓಟದ ದಾರಿಯ ಮೇಲೆ.

ನಕ್ಷೆಯ ಮೇಲೆ ಬೆರಳಾಡಿಸಿ ಇಂಥ ದಾರಿ ಹುಡುಕುವವರ ಕಣ್ಣು ಮಂಡ್ಯ ಜಿಲ್ಲೆಯ ತೆಂಕಣ ಅಂಚಿನ ಮೇಲೆ ಬೀಳುವುದು ಸಹಜ. ರಾಜಧಾನಿಗೆ ಸುಮಾರು ನೂರು ಕಿಲೋಮೀಟರು ದೂರ. ಮಳವಳ್ಳಿ ತಾಲೂಕಿನ ಹಲಗೂರು ದಾಟಿದರೆ ಕಾಡು, ಕಾಡಿನೊಳಗೆ ಮುತ್ತತ್ತಿ, ಮುತ್ತತ್ತಿಯಿಂದ ಕಾವೇರಿಯ ದಂಡೆ ಹಿಡಿದು ಮೇಲಕ್ಕೆ ಭೀಮೇಶ್ವರಿ, ಕೆಳಕ್ಕೆ ಸಂಗಮ. ಓಟಗಾರನ ಕಣ್ಣಿಗೆ ಇದು ಸ್ವರ್ಗದ ಸೋಪಾನವೇ ಸರಿ. ಕಾನೂನಿನ ಕಣ್ಣಿಗೆ ಇದು 1987ರಲ್ಲಿ ಘೋಷಿತವಾಗಿ, ಮುಂದೆ ವಿಸ್ತಾರಗೊಂಡು, ಮಳವಳ್ಳಿ, ಕನಕಪುರ, ಕೊಳ್ಳೇಗಾಲ, ಹನೂರುಗಳ ಕಡೆ ಹಬ್ಬಿ ಸಾವಿರ ಚದರ ಕಿಲೋಮೀಟರು ಮೀರಿದ ಕಾವೇರಿ ವನ್ಯಜೀವಿಧಾಮ. ಆನೆಯ ಕಣ್ಣಿಗೋ? ನೀರಿಗೆ ಹೋಗುವ ದಾರಿ, ಅಷ್ಟೇ.

ಈ ಆನೆಗಳ ದಿನಚರಿಯನ್ನು ನಮ್ಮ ಓಟದ ಸಂಘಟಕರು ಒಮ್ಮೆ ವಿಚಾರಿಸಿ ನೋಡಬೇಕು. ಹಗಲೆಲ್ಲ ಕಾಡಿನ ನೆರಳಿನಲ್ಲಿದ್ದು, ಕತ್ತಲಾದ ಮೇಲೆ ಕಬ್ಬಿಗೆ, ರಾಗಿಗೆ ಇಳಿದು, ಬೆಳಕು ಹರಿಯುವ ಹೊತ್ತಿಗೆ ಅವು ಮರಳುತ್ತವೆ. ಶಿಂಷಾ ನದಿಯ ದಂಡೆ ಹಿಡಿದು ಮದ್ದೂರಿನ ಗದ್ದೆಗಳವರೆಗೆ ಬಂದು ಹೋಗುವುದೂ ಉಂಟು. ಪಟಾಕಿ ಸಿಡಿಸುತ್ತ, ತಮಟೆ ಬಡಿಯುತ್ತ ಅವನ್ನು ಹಿಂದಕ್ಕೆ ಅಟ್ಟುವುದೇ ಅರಣ್ಯ ಸಿಬ್ಬಂದಿಗೆ ಒಂದು ನಿತ್ಯಕರ್ಮ. ಇರುಳಿಡೀ ಅಟ್ಟಿಸಿಕೊಂಡು, ಸಿಟ್ಟಿನಿಂದ, ದಣಿವಿನಿಂದ ಆನೆ ಕಾಡು ಸೇರುವ ಹೊತ್ತು ಯಾವುದು? ಬೆಳಗಿನ ಐದು, ಆರು. ಓಟದ ಪಂದ್ಯಕ್ಕೆ ಸೀಟಿ ಊದುವ ಹೊತ್ತು ಯಾವುದು? ಅದೂ ಬೆಳಗಿನ ಐದು, ಆರು. ಬಿಸಿಲೇರುವ ಮುನ್ನ ಮುಗಿಸಬೇಕಲ್ಲ! ಒಬ್ಬರಿಗೆ ಮನೆ ಸೇರುವ ಹೊತ್ತು ಇನ್ನೊಬ್ಬರಿಗೆ ಮನೆ ಬಿಡುವ ಹೊತ್ತು. ಆನೆ ಬೆದರಿ ಮೈಮೇಲೆ ಬಿದ್ದರೆ ಅದರ ವೇಗ ಗಂಟೆಗೆ ಸುಮಾರು 25 ಕಿಲೋಮೀಟರು; ಜಗತ್ತಿನ ಅತ್ಯುತ್ತಮ ಮ್ಯಾರಥಾನ್ ಓಟಗಾರನ ವೇಗ 21ರ ಆಸುಪಾಸು. ಅವನಾದರೂ ನುಣುಪಾದ ರಸ್ತೆಯಲ್ಲಿ ಓಡುವವನು.

‘ಅಪಾಯ ನಮ್ಮದು, ನಿಮಗೇನು?’ ಎನ್ನಬಹುದು. ಅಪಾಯ ಅವರೊಬ್ಬರದೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. 2023ರ ಏಪ್ರಿಲ್‌ನಲ್ಲಿ ಇಟಲಿಯ ಟ್ರೆಂಟಿನೊ ಬೆಟ್ಟಗಳಲ್ಲಿ ಓಡಲು ಹೋದ ಯುವಕನೊಬ್ಬನನ್ನು ಕರಡಿ ಕೊಂದಿತು. ಆ ಕರಡಿ ತಾಯಿ, ಮರಿಗಳ ಜೊತೆಗಿತ್ತು. ಹುಡುಗನ ಪ್ರಾಣ ಹೋಯಿತು, ಕರಡಿಗೆ ಬೋನಾಯಿತು; ಅದನ್ನು ಕೊಲ್ಲಬೇಕೋ ಉಳಿಸಬೇಕೋ ಎಂದು ನ್ಯಾಯಾಲಯದಲ್ಲಿ ವ್ಯಾಜ್ಯ ನಡೆಯಿತು. ನಮ್ಮಲ್ಲೂ ಹೀಗೆಯೇ. ಓಟಗಾರನೊಬ್ಬನಿಗೆ ಹೆಚ್ಚುಕಡಿಮೆಯಾದರೆ ಆ ಆನೆಗೆ ‘ಪುಂಡಾನೆ’ ಎಂಬ ಬಿರುದು ಬರುತ್ತದೆ, ಅರಿವಳಿಕೆಯ ಕೋವಿ ಬರುತ್ತದೆ, ಲಾರಿ ಬರುತ್ತದೆ. ನಡುವೆ ಸಿಕ್ಕಿಕೊಳ್ಳುವವನು ಹಲಗೂರು ಕಡೆಯ ರೈತ; ಕೆರಳಿದ ಹಿಂಡು ಮರುದಿನ ನುಗ್ಗುವುದು ಅವನ ಹೊಲಕ್ಕೆ, ಓಟಗಾರನ ಬಡಾವಣೆಗಲ್ಲ.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೆಯ ಪ್ರಕರಣ ವನ್ಯಜೀವಿಧಾಮದೊಳಕ್ಕೆ ಯಾವ ಕಾರಣಕ್ಕೆ ಅನುಮತಿ ಕೊಡಬಹುದೆಂದು ಎಣಿಸಿ ಹೇಳುತ್ತದೆ: ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಅಲ್ಲಿ ವಾಸವಾಗಿರುವವರ ಜೊತೆ ನ್ಯಾಯಬದ್ಧ ವ್ಯವಹಾರ. ಪಂದ್ಯದ ಮಾತು ಅಲ್ಲಿಲ್ಲ. ‘ಪ್ರವಾಸ’ ಎಂಬ ಪದವನ್ನು ಹಿಗ್ಗಿಸಿ ಅದರೊಳಗೆ ಪಂದ್ಯವನ್ನು ತುರುಕುವುದು ವಕೀಲರ ಕೌಶಲ್ಯವಿರಬಹುದು. ಆದರೆ ಇದೇ ಸರ್ಕಾರ ಹಳ್ಳಿಯವನಿಗೆ ಏನು ಹೇಳುತ್ತಿದೆ? 2025ರ ಜೂನ್‌ನಲ್ಲಿ ಪಕ್ಕದ ಮಲೆ ಮಹದೇಶ್ವರ ಕಾಡಿನಲ್ಲಿ ತಾಯಿಹುಲಿ ಮತ್ತು ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತವು. ಮರು ತಿಂಗಳೇ, ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಬೇಕೆಂದು ಅರಣ್ಯ ಸಚಿವರ ಸೂಚನೆ ಹೊರಟಿತು. ಅದು ಸರಿಯೋ ತಪ್ಪೋ, ಬೇರೆ ಚರ್ಚೆ. ಹಸುವಿಗೆ ಮುಚ್ಚಿದ ಬೇಲಿ ಶುಲ್ಕ ಕಟ್ಟಿದ ಬೂಟಿಗೆ ತೆರೆಯುವುದಾದರೆ, ‘ಈ ಕಾಡು ಯಾರಿಗಾಗಿ?’ ಎಂದು ಹಸುವಿನ ಯಜಮಾನ ಕೇಳದಿರುವನೇ?

ಎದುರುವಾದಿಗಳ ಕೈಯಲ್ಲಿ ಒಂದು ಗಟ್ಟಿ ಅಸ್ತ್ರವಿದೆ, ಅದನ್ನು ಮುಚ್ಚಿಡಲಾರೆ. ಶಿವರಾತ್ರಿಯ ಹೊತ್ತಿಗೆ ಸಾವಿರಾರು ಭಕ್ತರು ಸಂಗಮದ ಬಳಿ ಕಾವೇರಿ ದಾಟಿ, ಇದೇ ವನ್ಯಜೀವಿಧಾಮದೊಳಗಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತಾರೆ. ಮೇಲುಕೋಟೆಯಲ್ಲಿ ಕಾರ್ತಿಕ ಮಾಸದ ಅಷ್ಟತೀರ್ಥೋತ್ಸವದಂದು ಜನ ಬೆಟ್ಟ ಸುತ್ತಿ ತೀರ್ಥದಿಂದ ತೀರ್ಥಕ್ಕೆ ನಡೆಯುತ್ತಾರೆ. ‘ಭಕ್ತಿಗೆ ಬಿಟ್ಟ ದಾರಿಯನ್ನು ಆರೋಗ್ಯಕ್ಕೆ ಬಿಡಬಾರದೇ?’ ಒಪ್ಪಿದೆ, ಪ್ರಶ್ನೆ ಸಾಚಾ. ಯಾತ್ರಿಕರು ಚೆಲ್ಲಿ ಹೋಗುವ ಪ್ಲಾಸ್ಟಿಕ್ಕನ್ನು ದೇವರ ಹೆಸರಿನಲ್ಲಿ ಮಾಫಿ ಮಾಡಬೇಕೆಂದು ನಾನೂ ಹೇಳುವುದಿಲ್ಲ. ಅಲ್ಲಿಯೂ ಕಟ್ಟುನಿಟ್ಟು ಬೇಕು. ಆದರೆ ಆ ನಡಿಗೆ ವರ್ಷಕ್ಕೊಮ್ಮೆಯದು. ಗುಂಪಾಗಿ, ‘ಉಘೇ’ ಎಂದು ಕೂಗುತ್ತ ನಡೆಯುವವರ ಸದ್ದು ಪ್ರಾಣಿಗೆ ಮುಂಚಿತವಾಗಿಯೇ ತಲುಪುತ್ತದೆ. ದೂರ ಸರಿಯಲು ಅದಕ್ಕೆ ಸಮಯವಿರುತ್ತದೆ. ಓಟಗಾರ ಒಬ್ಬೊಬ್ಬನಾಗಿ, ಕಿವಿಗೆ ಹಾಡು ತುರುಕಿಕೊಂಡು, ತಿರುವಿನಲ್ಲಿ ಥಟ್ಟನೆ ಪ್ರತ್ಯಕ್ಷನಾಗುವವನು. ಮುನ್ನೂರು ಜನ ಪಂದ್ಯಕ್ಕಿಳಿದರೆ ಮೊದಲಿಗನಿಗೂ ಕೊನೆಯವನಿಗೂ ಗಂಟೆಗಟ್ಟಲೆ ಅಂತರ. ಅಷ್ಟು ಹೊತ್ತು ಕಾಡಿಗೂ ನದಿಗೂ ನಡುವೆ ಮನುಷ್ಯರ ಬೇಲಿ ಕಟ್ಟಿದಂತಾಯಿತು. ಬೇಸಿಗೆಯಲ್ಲಿ ಹಳ್ಳಗಳು ಬತ್ತಿ ಕಾವೇರಿಯೊಂದೇ ಗತಿಯಾದಾಗ ಆ ಬೇಲಿಯ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಅದೇ ದಂಡೆಯ ಹೊಳೆಮತ್ತಿ ಮರಗಳಲ್ಲಿ ಬೂದುಬಣ್ಣದ ದೊಡ್ಡ ಅಳಿಲಿದೆ, ನೀರಿನಲ್ಲಿ ನೀರುನಾಯಿಯಿದೆ. ಇವಕ್ಕೆ ಬೇರೆ ಬಡಾವಣೆಯಿಲ್ಲ.

ಪಂದ್ಯವೆಂದರೆ ಬರಿಯ ಕಾಲುಗಳಲ್ಲ, ಅದನ್ನೂ ನೆನೆಯಬೇಕು. ದಾರಿ ತೋರಿಸುವ ಬಣ್ಣದ ಪಟ್ಟಿಗಳು, ಐದೈದು ಕಿಲೋಮೀಟರಿಗೊಂದು ನೀರಿನ ಕಟ್ಟೆ, ಸೀಸೆಗಳು, ಜನರೇಟರು, ಧ್ವನಿವರ್ಧಕ, ಆಂಬುಲೆನ್ಸು, ಓಟಗಾರರನ್ನು ಹೊತ್ತು ತಂದ ನೂರಾರು ಕಾರುಗಳು. 2021ರ ಮೇ ತಿಂಗಳಲ್ಲಿ ಚೀನಾದ ಗಾನ್ಸು ಪ್ರಾಂತದಲ್ಲಿ ನೂರು ಕಿಲೋಮೀಟರಿನ ಬೆಟ್ಟದ ಓಟ ನಡೆಯುವಾಗ ಹವೆ ಹಠಾತ್ತನೆ ಕೆಟ್ಟು 21 ಓಟಗಾರರು ಚಳಿಗೆ ಸತ್ತರು. ಸಹಾಯ ಹೋಗಲು ದಾರಿಯೇ ಇರಲಿಲ್ಲ. ಮುತ್ತತ್ತಿಯಲ್ಲಿ ಅಂಥ ಚಳಿಯಿಲ್ಲ. ಆದರೆ ಸಹಾಯ ಹೋಗುವ ದಾರಿ ಬೇಕೆಂದು ಹೊರಟರೆ ಕಾಲುದಾರಿ ಜೀಪಿನ ದಾರಿಯಾಗುತ್ತದೆ, ಜೀಪಿನ ದಾರಿ ರಸ್ತೆಯಾಗುತ್ತದೆ. ಮೇಲುಕೋಟೆಯ ಸುತ್ತಲ ವನ್ಯಜೀವಿಧಾಮವಂತೂ 50 ಚದರ ಕಿಲೋಮೀಟರಿಗೂ ಕಡಮೆ. 1974ರಲ್ಲಿ ತೋಳದ ಆಶ್ರಯವೆಂದು ಮೀಸಲಿಟ್ಟ ಆ ತುಂಡಿನೊಳಗೆ ತೋಳ ಅಡಗಲು ಜಾಗವೆಲ್ಲಿದೆ?

ಹಾಗಾದರೆ ಓಡುವುದೆಲ್ಲಿ? ಮಂಡ್ಯದಂಥ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳುವುದೇ ವಿಚಿತ್ರ. ವಿಶ್ವೇಶ್ವರಯ್ಯ ನಾಲೆ ಮತ್ತದರ ಕವಲುಗಳ ಏರಿಗಳಿವೆ, ಕೆರೆಗಳ ಏರಿಗಳಿವೆ, ಕರಿಘಟ್ಟದ ಮೆಟ್ಟಿಲಿದೆ. ಶ್ರೀರಂಗಪಟ್ಟಣದ ಕಡೆ ರಂಗನತಿಟ್ಟಿನ ಸಮೀಪ ನಾಲೆಯ ಏರಿಯ ಮೇಲೆ ‘ಕಾವೇರಿ ಟ್ರೇಲ್ ಮ್ಯಾರಥಾನ್’ ಹಲವು ವರ್ಷ ನಡೆಯಿತು. ಒಂದು ಕಡೆ ನೀರು, ಒಂದು ಕಡೆ ಭತ್ತದ ಗದ್ದೆ, ಕಾಲಿಗೆ ಮಣ್ಣು. ಆ ಓಟಕ್ಕೆ ವನ್ಯಜೀವಿಧಾಮವನ್ನು ಹೊಗಬೇಕಾಗಲಿಲ್ಲ. ‘ಬೆಟ್ಟವಿಲ್ಲದ ಓಟ ಓಟವೇ?’ ಎನ್ನುವವರಿಗೆ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾ ಉಂಟು.

ನಾಲೆ ಏರಿಯ ಮಾತು ಬಂದಿತಾದ್ದರಿಂದ ಇನ್ನೊಂದು ಮಾತು. 2018ರ ನವೆಂಬರಿನಲ್ಲಿ ಪಾಂಡವಪುರದ ಕನಗನಮರಡಿಯ ಹತ್ತಿರ ಬಸ್ಸೊಂದು ಇದೇ ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು, ಶಾಲೆಯ ಮಕ್ಕಳೂ ಸೇರಿ. ಆಮೇಲೂ ನಾಲೆಗೆ ಕಾರುಗಳು ಬೀಳುವುದು ನಿಂತಿಲ್ಲ. ತಡೆಗೋಡೆ ಬೇಕೆಂದು ಹಳ್ಳಿಯವರು ಕೂಗಿದರೆ ಕಡತ ನಿಧಾನವಾಗಿ ಸರಿಯುತ್ತದೆ. ರಾಜಧಾನಿಯ ವಿದ್ಯಾವಂತರು ಸಾವಿರ ಮಂದಿ ಪ್ರತಿ ಭಾನುವಾರ ಆ ಏರಿಯ ಮೇಲೆ ಓಡತೊಡಗಿದರೆ ಅದೇ ಕಡತಕ್ಕೂ ಓಟ ಬರಬಹುದು. ಮಂಡ್ಯಕ್ಕೆ ಉಪಕಾರ ಮಾಡುತ್ತೇವೆ, ಹಳ್ಳಿಗರಿಗೆ ನಾಲ್ಕು ಕಾಸು ಬರುತ್ತದೆ ಎನ್ನುವ ಸಂಘಟಕರು ಆ ಉಪಕಾರವನ್ನು ಇಲ್ಲಿ ಮಾಡಲಿ. ಎಳನೀರು ಮಾರುವವನು ಏರಿಯ ಮೇಲೂ ಮಾರುತ್ತಾನೆ.

ಇಷ್ಟಾದರೂ ಮುತ್ತತ್ತಿಯ ದಂಡೆಯೇ ಬೇಕೆಂದು ಹಟ ಹಿಡಿಯುವವರು ಇಲಾಖೆಯ ಬಾಗಿಲು ಬಡಿಯುವ ಮುನ್ನ ತಮ್ಮ ಅರ್ಜಿಯನ್ನು, ಓಟದ ನಕ್ಷೆ ಮತ್ತು ಸೀಟಿ ಊದುವ ಗಂಟೆಯ ಸಮೇತ, ಹಲಗೂರು ಹೋಬಳಿಯ ಗ್ರಾಮಸಭೆಗಳ ಮುಂದೆ ಕನ್ನಡದಲ್ಲಿ ಓದಿ ಹೇಳಲಿ. ಇರುಳಲ್ಲಿ ಆನೆ ಕಾಯುವವರು ಅಲ್ಲಿ ಕುಳಿತಿರುತ್ತಾರೆ.